ಏಳನೆಯವನ ಸರದಿ

ಸೆಗಾವಾ ತೊಕುಜಿ ಹಳೆಯ ಸ್ಕೋರ್ ಪುಸ್ತಕದ ಆ ಪುಟವನ್ನು ಮೂರನೆಯ ಸಲ ಬೆರಳಿಟ್ಟು ಎಣಿಸಿದ. ಐದನೆಯವನು ಹೊಡೆದು ಓಡಿದ್ದಾನೆ. ಆರನೆಯವನು ಔಟಾಗಿದ್ದಾನೆ. ಏಳನೆಯವನ ಚೌಕ ಖಾಲಿ. ಅದರ ಕೆಳಗೆ, ಎಂಟನೆಯವನ ಚೌಕದಲ್ಲಿ, ಗೆಲುವಿನ ಹೊಡೆತದ ಗೆರೆ. ಪೆನ್ಸಿಲಿನದು, ಕೈ ನಡುಗಿ ಎಳೆದದ್ದು. ಆ ಎಂಟನೆಯವನೆಂದರೆ ತೊಕುಜಿಯೇ. ತಪ್ಪು ಓದಿದೆನೇನೋ ಎಂದು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಹಾಕಿಕೊಂಡು ನಾಲ್ಕನೆಯ ಸಲ ಎಣಿಸಿದ. ಕನ್ನಡಕದ್ದೇನೂ ತಪ್ಪಿರಲಿಲ್ಲ.

ಬೇಸ್‌ಬಾಲಿನಲ್ಲಿ ಸರದಿ ಎಂದರೆ ಸರದಿ. ಒಂಬತ್ತು ಜನರ ಹೆಸರನ್ನು ಚೀಟಿಯಲ್ಲಿ ಬರೆದು ಅಂಪೈರ್ ಕೈಗೆ ಕೊಟ್ಟ ಮೇಲೆ ದೇವರೇ ಇಳಿದು ಬಂದರೂ ಆರನೆಯವನ ನಂತರ ಏಳನೆಯವನೇ ಬ್ಯಾಟು ಹಿಡಿಯಬೇಕು. ಏಳನೆಯವನು ಗಾಯ ಮಾಡಿಕೊಂಡು ಹೋದರೆ ಅವನ ಬದಲಿಗೆ ಬಂದವನು ಅದೇ ಏಳನೆಯ ಜಾಗ ತುಂಬಬೇಕು. ಮೂವತ್ತೈದು ವರ್ಷ ಮಾಧ್ಯಮಿಕ ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು, ಸಂಜೆಯ ಹೊತ್ತು ಮಕ್ಕಳಿಗೆ ಆಟ ಕಲಿಸಿದ ತೊಕುಜಿ ಈ ಮಾತನ್ನು ಸಾವಿರ ಸಲ ಹೇಳಿದ್ದ. ಸರದಿ ಮರೆತ ಹುಡುಗರಿಗೆ ಮೈದಾನ ಎರಡು ಸುತ್ತು ಓಡಿಸಿಯೂ ಇದ್ದ.

ಕುರೊಹಾಮಾ ವಿಶ್ವವಿದ್ಯಾಲಯದ ತಂಡಕ್ಕೆ ಆ ವರ್ಷ ನೂರು ತುಂಬುತ್ತಿತ್ತು. ಚರಿತ್ರೆ ಬರೆಯುವ ಕೆಲಸವನ್ನು ಹಳೆಯ ಆಟಗಾರರ ಸಂಘದವರು ತೊಕುಜಿಯ ತಲೆಗೆ ಕಟ್ಟಿದ್ದರು. ಬೇರೆ ವಿಶ್ವವಿದ್ಯಾಲಯಗಳ ಚರಿತ್ರೆಯಲ್ಲಿ ಗೆದ್ದ ಕಪ್‌ಗಳ ಫೋಟೋ ಇರುತ್ತವೆ. ಕುರೊಹಾಮಾದ್ದು, ನೆಟ್ಟಗೆ ಹೇಳಬೇಕೆಂದರೆ, ಸೋಲಿನ ಪುರಾಣ. ಡಿಸೆಂಬರಿನಿಂದ ಮಾರ್ಚಿನವರೆಗೆ ಮೈದಾನದ ಮೇಲೆ ಸೊಂಟದೆತ್ತರ ಹಿಮ. ಹುಡುಗರು ಕೃಷಿ ವಿಭಾಗದ ಉದ್ದನೆಯ ಪಡಸಾಲೆಯಲ್ಲಿ ಚೆಂಡೆಸೆದು ಕಲಿತು, ಕಿಟಕಿಯ ಗಾಜು ಒಡೆದು ಬೈಸಿಕೊಂಡು, ಏಪ್ರಿಲಿನಲ್ಲಿ ಹೊರಗೆ ಬಂದು ಸೋಲುತ್ತಿದ್ದರು. ೧೯೬೫ರ ವಸಂತದಿಂದ ಒಂದೇ ಸಮನೆ ಎಪ್ಪತ್ತಮೂರು ಪಂದ್ಯ ಸೋತರು. ಎಪ್ಪತ್ತನಾಲ್ಕನೆಯದು ೧೯೬೮ರ ಅಕ್ಟೋಬರಿನಲ್ಲಿ, ತಾತೆಓಕಾ ವಿಶ್ವವಿದ್ಯಾಲಯದ ಎದುರು. ಒಂಬತ್ತನೆಯ ಇನ್ನಿಂಗ್ಸು, ಕೊನೆಯದು. ಎದುರಾಳಿಯದು ಮೂರು ರನ್, ಕುರೊಹಾಮಾದ್ದು ಎರಡು. ಇಬ್ಬರು ಔಟಾಗಿದ್ದಾರೆ, ಮೂರನೆಯವನು ಔಟಾದರೆ ಆಟ ಮುಗಿಯಿತು. ಆದರೆ ಎರಡನೆಯ ಬೇಸಿನಲ್ಲೊಬ್ಬ, ಮೂರನೆಯ ಬೇಸಿನಲ್ಲೊಬ್ಬ ಓಡಲು ಕಾದಿದ್ದಾರೆ. ಆಗ ಎರಡನೇ ವರ್ಷದ ಹುಡುಗ ಸೆಗಾವಾ ತೊಕುಜಿ ಹೊಡೆದ. ಇಬ್ಬರೂ ಓಡಿ ಬಂದರು. ಕುರೊಹಾಮಾ ಗೆದ್ದಿತು.

ಆಮೇಲೂ ತಂಡ ಅಲ್ಲೊಂದು ಇಲ್ಲೊಂದು ಪಂದ್ಯ ಗೆದ್ದದ್ದುಂಟು. ಆದರೆ ಅಂಥ ಗೆಲುವು ಮತ್ತೆ ಬರಲಿಲ್ಲ. ತೊಕುಜಿ ತನ್ನ ಮದುವೆಯಲ್ಲಿ ಹೇಳಿದ್ದು ಅದನ್ನೇ, ನಿವೃತ್ತಿಯ ದಿನ ಹೇಳಿದ್ದು ಅದನ್ನೇ. ಪ್ರತಿ ಅಕ್ಟೋಬರಿನಲ್ಲಿ ತಂಡದ ಹೊಸ ಹುಡುಗರು ಕ್ಲಬ್ ಕೋಣೆಯಲ್ಲಿ ಮೊಣಕಾಲೂರಿ ಸಾಲಾಗಿ ಕೂತು ಅವನ ಬಾಯಿಂದಲೇ ಆ ಕತೆ ಕೇಳಬೇಕು, ಅದು ತಂಡದ ಪದ್ಧತಿ. ಕತೆ ಎಂದ ಮೇಲೆ ನಗಿಸಲಿಕ್ಕೂ ಒಬ್ಬ ಬೇಕಲ್ಲ. ಆ ಪಾತ್ರ ಮಿನೊವಾ ಕಾನ್‌ಜಿಯದು.

ಊಟಕ್ಕಿಲ್ಲದ ಉಪ್ಪಿನಕಾಯಿಯಂಥವನು ಪ್ರತಿ ತಂಡದಲ್ಲೂ ಒಬ್ಬ ಇರುತ್ತಾನೆ. ಮಿನೊವಾ ಆಗ ನಾಲ್ಕನೇ ವರ್ಷದವನು, ತೊಕುಜಿಗೆ ಎರಡು ವರ್ಷ ಹಿರಿಯ. ಹಿರಿಯ ಎಂದರೆ ಆ ತಂಡದಲ್ಲಿ ಸಣ್ಣ ಮಾತಲ್ಲ. ಕಿರಿಯರು ಹಿರಿಯರ ಕಾಲುಚೀಲ ಒಗೆಯಬೇಕು, ಅವರ ಮುಂದೆ ದಾಟಿ ಹೋಗಬಾರದು, ಅವರು ಕೂರುವವರೆಗೆ ಕೂರಬಾರದು. ಆದರೆ ಮಿನೊವಾನ ಕಾಲುಚೀಲವನ್ನು ಮಿನೊವಾನೇ ಒಗೆದುಕೊಳ್ಳುತ್ತಿದ್ದ. ನಾಲ್ಕು ವರ್ಷದಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ. ಚೆಂಡು ಹೆಕ್ಕುವುದು, ನೆಲ ಸಮ ಮಾಡುವುದು, ಇಷ್ಟೇ. ಅವನು ಸೇರಿದ ವಸಂತದಿಂದಲೇ ಸೋಲು ಶುರುವಾದದ್ದರಿಂದ ಅಪಶಕುನ ಎಂಬ ಹೆಸರೂ ಅಂಟಿತ್ತು. ಆ ದಿನ ಒಂಬತ್ತನೆಯ ಇನ್ನಿಂಗ್ಸಿನ ಮೊದಲರ್ಧದಲ್ಲಿ ಓಬಾ ಎಂಬವನು ಚೆಂಡು ಹಿಡಿಯಲು ಹೋಗಿ ಪಾದ ಉಳುಕಿಸಿಕೊಂಡ. ಬೇರೆ ಯಾರೂ ಉಳಿದಿರಲಿಲ್ಲವಾದ್ದರಿಂದ ಮಿನೊವಾನನ್ನು ಅವನ ಬದಲಿಗೆ ಕಳಿಸಿದರು. ಗೆದ್ದ ಮೇಲೆ ಎಲ್ಲರೂ ತೊಕುಜಿಯ ಮೇಲೆ ಬಿದ್ದು ಹೊರಳಾಡುತ್ತಿದ್ದರೆ ಈ ಮಹಾಶಯ ಮಾತ್ರ ಮನೆಗೆ ಬೆಂಕಿ ಬಿದ್ದವನ ಹಾಗೆ ಒಬ್ಬೊಬ್ಬರ ಕಾಲರ್ ಹಿಡಿದು ಎಳೆಯುತ್ತ ಅರಚುತ್ತಿದ್ದ: "ಸಾಲು! ಸಾಲು ನಿಲ್ರೋ! ಬೇಗ!"

ಪಂದ್ಯ ಮುಗಿದ ಮೇಲೆ ಎರಡೂ ತಂಡದವರು ಎದುರುಬದುರು ಸಾಲು ನಿಂತು ತಲೆಬಾಗುವುದು ಅಲ್ಲಿಯ ರೂಢಿ. ಅದಕ್ಕೇನು ಅಷ್ಟೊಂದು ಅವಸರ? ಎಪ್ಪತ್ತಮೂರು ಸೋಲಿನ ನಂತರದ ಗೆಲುವನ್ನು ಎರಡು ನಿಮಿಷ ಅನುಭವಿಸಲೂ ಬಿಡದ ಮನುಷ್ಯ! ತೊಕುಜಿ ಕತ್ತು ಮುಂದೆ ಚಾಚಿ, ಕಣ್ಣು ಅಗಲಿಸಿ, ಒಡೆದ ದನಿಯಲ್ಲಿ "ಸಾಲು! ಸಾಲು!" ಎಂದು ಮಿನೊವಾನ ಅಣಕು ಮಾಡಿದರೆ ಹುಡುಗರು ನಕ್ಕು ನಕ್ಕು ಪಕ್ಕೆ ಹಿಡಿದುಕೊಳ್ಳುತ್ತಿದ್ದರು. ಮೊದಮೊದಲು ಸಂಘದ ಊಟಕ್ಕೆ ಬರುತ್ತಿದ್ದ ಮಿನೊವಾ ಕೂಡ ಮೂಲೆಯಲ್ಲಿ ಕೂತು ಇದನ್ನು ನೋಡಿದ್ದ. ನಾಲ್ಕೈದು ವರ್ಷದ ನಂತರ ಬರುವುದು ಬಿಟ್ಟ. ಯಾಕೆಂದು ಯಾರೂ ಕೇಳಲಿಲ್ಲ.

ಆ ಪಂದ್ಯದ ಸ್ಕೋರ್ ಪುಸ್ತಕ ಕಳೆದುಹೋಗಿದೆ ಎಂದೇ ಎಲ್ಲರೂ ನಂಬಿದ್ದರು. ಅದು ಇವತ್ತು ಬೆಳಿಗ್ಗೆ ಅಂಚೆಯಲ್ಲಿ ಬಂದಿತ್ತು. ಕಳಿಸಿದವನು ಹನಿಯು ಮಸಾಕಿ, ಆಗ ತಂಡದ ಸ್ಕೋರ್ ಬರೆಯುತ್ತಿದ್ದವನು, ತೊಕುಜಿಯ ಓರಗೆಯವನು. ಜೊತೆಗೊಂದು ಚೀಟಿ: "ಮನೆ ಖಾಲಿ ಮಾಡುತ್ತಿದ್ದೇವೆ. ಇದು ಇನ್ನು ನನ್ನ ಬಳಿ ಬೇಡ."

ತೊಕುಜಿ ಬೆರಳನ್ನು ಏಳನೆಯ ಸಾಲಿನ ಎಡತುದಿಗೆ ತಂದ. ಓಬಾ ಎಂಬ ಹೆಸರಿನ ಮೇಲೆ ಒಂದು ಗೆರೆ. ಅದರ ಕೆಳಗೆ ಚಿಕ್ಕದಾಗಿ, ಓದಲಿಕ್ಕೇ ನಾಚುವಷ್ಟು ಚಿಕ್ಕದಾಗಿ, ಮಿನೊವಾ.

ಅವನು ಫೋನ್ ಎತ್ತಿಕೊಂಡ. ಎರಡು ಸಲ ತಪ್ಪು ನಂಬರು ಒತ್ತಿದ.

"ಬಂತಾ?" ಎಂದ ಹನಿಯು, ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ.

"ಬಂತು. ಏನಯ್ಯಾ ಇದು? ಬರೆಯೋದ್ರಲ್ಲಿ ತಪ್ಪು ಮಾಡಿದೀಯ ನೀನು. ಒಂಬತ್ತನೇ ಇನ್ನಿಂಗ್ಸಲ್ಲಿ ಏಳನೆಯವನ ಚೌಕ ಬಿಟ್ಟೇ ಹೋಗಿದೆ."

"ನಾನು ತಪ್ಪು ಬರೆದಿಲ್ಲ."

"ನಿದ್ದೆಗಣ್ಣಲ್ಲಿ ಬರೆದಿರ್ತೀಯ. ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ?"

"ತೊಕುಜಿ," ಎಂದ ಹನಿಯು. ದನಿಯಲ್ಲಿ ತಮಾಷೆ ಇರಲಿಲ್ಲ. "ನಾಲ್ಕು ವರ್ಷ ಸ್ಕೋರ್ ಬರೆದೆ ಕಣೋ, ಒಂದು ಚುಕ್ಕೆ ತಪ್ಪು ಮಾಡಿಲ್ಲ. ತಪ್ಪು ಮಾಡಿದ್ದು ನೀನು. ಅದು ಮಿನೊವಾ ಅವರ ಸರದಿ. ನೀನು ಹೋಗಿ ನಿಂತ್ಕೊಂಡೆ."

ಆ ಮಧ್ಯಾಹ್ನ ತೊಕುಜಿಯ ಕಣ್ಣ ಮುಂದೆ ಬಂತು. ತಾನು ಯಾವಾಗಲೂ ಓಬಾನ ನಂತರ ಆಡುವವನು. ಓಬಾನನ್ನು ಹೊತ್ತುಕೊಂಡು ಹೋಗಿದ್ದರು. ಓಬಾ ಇಲ್ಲ, ಆದ್ದರಿಂದ ಮುಂದಿನವನು ತಾನು. ಇಷ್ಟೇ ಯೋಚನೆ ಬಂದದ್ದು. ಯೋಚನೆ ಕೂಡ ಅಲ್ಲ, ಕಾಲುಗಳೇ ಎದ್ದು ಹೋಗಿದ್ದವು. ಓಬಾನ ಜಾಗದಲ್ಲಿ ಒಬ್ಬ ಮನುಷ್ಯ ಬಂದಿದ್ದಾನೆ, ಅವನಿಗೂ ಒಂದು ಸರದಿ ಇದೆ ಎಂಬುದು ತೊಕುಜಿಗೂ ಹೊಳೆಯಲಿಲ್ಲ, ನಾಯಕನಿಗೂ ಹೊಳೆಯಲಿಲ್ಲ, ಬಾಯಲ್ಲಿ ಸೀಟಿ ಕಚ್ಚಿಕೊಂಡು ನಿಂತಿದ್ದ ತರಬೇತುದಾರನಿಗೂ ಹೊಳೆಯಲಿಲ್ಲ. ಮಿನೊವಾ ಅವರ ಯಾರ ಎಣಿಕೆಯಲ್ಲೂ ಇರಲಿಲ್ಲ.

"ನೀನು ಯಾಕೆ ಹೇಳಲಿಲ್ಲ?" ಎಂದು ಕೂಗಿದ.

"ನಾನೂ ನೋಡಲಿಲ್ಲ ಕಣೋ. ನೀನು ಹೊಡೆದ ಮೇಲೆ ಗೆರೆ ಎಳೆಯೋಣ ಅಂತ ಪೆನ್ಸಿಲ್ ಇಟ್ಟೆ, ಏಳನೇ ಸಾಲಿನ ಮೇಲೆ. ಅಲ್ಲಿ ಬೇರೆ ಹೆಸರಿದೆ. ನನ್ನ ಜೀವ ಬಾಯಿಗೆ ಬಂತು. ಆಗ ಬಾಯಿ ಬಿಟ್ಟಿದ್ರೆ ಏನಾಗ್ತಿತ್ತು ಹೇಳು?"

ಹೇಳಬೇಕಾಗಿರಲಿಲ್ಲ. ಸರದಿ ತಪ್ಪಿ ಆಡಿದರೆ ಅಂಪೈರ್ ಕಂಡರೂ ಸುಮ್ಮನಿರಬೇಕು, ಅದು ನಿಯಮ. ಎದುರು ತಂಡದವರೇ ಎತ್ತಿ ಹೇಳಬೇಕು. ಹೇಳಿದರೆ ಬಂದ ರನ್ನು ಹೋಗುತ್ತದೆ, ಸರದಿ ಇದ್ದವನು ಔಟ್. ಅವನೇ ಮೂರನೆಯ ಔಟಾಗಿ ಕುರೊಹಾಮಾ ಸೋಲುತ್ತಿತ್ತು, ಎಪ್ಪತ್ತನಾಲ್ಕನೆಯ ಸಲ. ಹೇಳದೆ ಇದ್ದರೆ ಹೊಡೆದದ್ದು ಹೊಡೆದ ಹಾಗೆ. ಹೇಳಲಿಕ್ಕೆ ಸಮಯ ಎಲ್ಲಿಯವರೆಗೆ? ಪಂದ್ಯ ಮುಗಿದು ಎರಡೂ ತಂಡ...

"ಸಾಲು," ಎಂದ ತೊಕುಜಿ ಮೆಲ್ಲಗೆ.

"ಹೂಂ. ಈಗ ಗೊತ್ತಾಯ್ತಾ?" ಎಂದ ಹನಿಯು. "ತಾತೆಓಕಾದವರ ಸ್ಕೋರ್ ಬರೆಯೋನು ಚೀಟಿ ನೋಡ್ತಾ ಇದ್ದ. ನಮ್ಮಂಥ ತಂಡದ ಸರದಿ ಯಾರು ನೋಡ್ತಾರೆ ಅಂತ ಅಷ್ಟು ಹೊತ್ತೂ ಆಕಳಿಸ್ತಾ ಕೂತಿದ್ದೋನು ಸೋತ ಮೇಲೆ ನೋಡೋಕೆ ಶುರು ಮಾಡಿದ್ದ. ನೀವೆಲ್ಲ ಹಂದಿಗಳ ಹಾಗೆ ಮಣ್ಣಲ್ಲಿ ಹೊರಳಾಡ್ತಿದ್ರಿ. ಮಿನೊವಾ ಅವರು ನನ್ನ ಕಡೆ ಒಂದು ಸಲ ನೋಡಿದ್ರು. ಅಷ್ಟೇ. ಆಮೇಲೆ ಓಡಿ ಹೋಗಿ ನಿಮ್ಮನ್ನ ಎಳೆಯೋಕೆ ಶುರು ಮಾಡಿದ್ರು. ನೀವು ಸಾಲು ನಿಂತ್ರಿ, ತಾತೆಓಕಾದವರೂ ನಿಲ್ಲಲೇಬೇಕಾಯ್ತು, ಎಲ್ಲರೂ ತಲೆಬಾಗಿದ್ರಿ. ತಲೆಬಾಗಿದ ಮೇಲೆ ಯಾರೂ ಏನೂ ಎತ್ತಿ ಹೇಳೋ ಹಾಗಿಲ್ಲ, ಮುಗೀತು. ಆ ಪಂದ್ಯ ಗೆದ್ದೋನು ನೀನಲ್ಲ ಕಣೋ, ಅವರು. ಪ್ರತಿ ವರ್ಷ ನೀನು ಅವರ ಅಣಕು ಮಾಡ್ತಿದ್ದಾಗ ನನಗೆ ಎದ್ದು ನಿನ್ನ ಕೆನ್ನೆಗೆ ಬಾರಿಸಬೇಕು ಅನ್ನಿಸ್ತಿತ್ತು."

"ಬಾರಿಸಬೇಕಾಗಿತ್ತು!" ಎಂದ ತೊಕುಜಿ. "ಐವತ್ನಾಲ್ಕು ವರ್ಷ ಪುಸ್ತಕ ಬಚ್ಚಿಟ್ಕೊಂಡು ಕೂತಿದ್ಯಲ್ಲ, ನೀನು ಎಂಥಾ ಸ್ನೇಹಿತ?"

"ಹೇಡಿ ಸ್ನೇಹಿತ," ಎಂದ ಹನಿಯು. ಫೋನ್ ಇಟ್ಟ.

ತೊಕುಜಿ ಫೋನ್ ಕೆಳಗಿಟ್ಟ. ಎದುರಿಗೆ ಅಚ್ಚಿಗೆ ಹೋಗಬೇಕಾದ ಪುಟಗಳಿದ್ದವು. ಶುಕ್ರವಾರ ಮುದ್ರಣಾಲಯಕ್ಕೆ ಕೊಡಬೇಕು. ಆಟಗಾರರ ಪಟ್ಟಿಯಲ್ಲಿ ಅವನೇ ಬರೆದ ಸಾಲು ಕಣ್ಣಿಗೆ ಬಿತ್ತು: "ಮಿನೊವಾ ಕಾನ್‌ಜಿ. ನಾಲ್ಕು ವರ್ಷ, ಒಂದು ಪಂದ್ಯ, ಬ್ಯಾಟು ಹಿಡಿದದ್ದು ಸೊನ್ನೆ ಸಲ. ಆದರೆ ಸಾಲು ನಿಲ್ಲಿಸುವುದರಲ್ಲಿ ತಂಡಕ್ಕೇ ಮೊದಲಿಗ." ಬರೆದ ದಿನ ಅದನ್ನು ಹೆಂಡತಿಗೆ ಓದಿ ಹೇಳಿ ತಾನೇ ನಕ್ಕಿದ್ದ. ಈಗ ಅದನ್ನು ಅರ್ಧಕ್ಕಿಂತ ಮುಂದೆ ಓದಲಾಗಲಿಲ್ಲ. ನಾಚಿಕೆ ಎಂದರೆ ಇದೇ ಎಂದು ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅವನಿಗೆ ಗೊತ್ತಾಯಿತು.

ಮರುದಿನ ಬೆಳಗಿನ ರೈಲಿಗೆ ಹೊರಟ. ಮಿನೊವಾನ ಊರು ಎರಡು ಗಂಟೆಯ ದಾರಿ, ಕಡಲ ದಂಡೆಯದು. ಅಪ್ಪ ಮೀನುಗಾರ, ಅಪ್ಪನ ನಂತರ ಮಗ ಕಣವೆ ಎಂಬ ಹತ್ತು ತೋಳಿನ ಕಡಲ ಮೀನನ್ನು ಒಣಗಿಸಿ ಮಾರುವ ಸಣ್ಣ ಕೆಲಸ ಹಿಡಿದಿದ್ದ. ರೈಲಿನುದ್ದಕ್ಕೂ ತೊಕುಜಿ ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡ. ಕ್ಷಮೆ ಕೇಳಬೇಕು. ನೀವೇ ನಿಜವಾದ ವೀರರು ಎನ್ನಬೇಕು. ಅವರು ತಲೆಯಾಡಿಸುತ್ತಾರೆ, ಇಬ್ಬರೂ ಸ್ವಲ್ಪ ಅಳಬಹುದು. ಊರು ಬರುವಷ್ಟರಲ್ಲಿ ಈ ಕತೆಯೂ ಹಳೆಯ ಕತೆಯಷ್ಟೇ ಚೆನ್ನಾಗಿ ಕಾಣತೊಡಗಿತ್ತು. ಮನುಷ್ಯನ ಬುದ್ಧಿ ನೋಡಿ, ಬಿದ್ದ ಗುಂಡಿಯಲ್ಲೂ ದಿಂಬು ಹುಡುಕುತ್ತದೆ.

ಮಿನೊವಾ ಮನೆಯ ಹಿಂದೆ ಹಗ್ಗದ ಮೇಲೆ ಕಣವೆಗಳನ್ನು ತಿರುವಿ ಹಾಕುತ್ತಿದ್ದ. ಸಣ್ಣಗಿದ್ದವನು ಇನ್ನೂ ಸಣ್ಣಗಾಗಿದ್ದ. ತೊಕುಜಿಯನ್ನು ನೋಡಿ ಕೈ ನಿಲ್ಲಿಸಲಿಲ್ಲ.

"ಏನು ಸೆಗಾವಾ, ಇಷ್ಟು ದೂರ?" ಎಂದ. "ನನ್ನ ಅಣಕು ಮಾಡೋದಕ್ಕೆ ಹೊಸ ಸರಕು ಬೇಕಾಯ್ತಾ?"

ತೊಕುಜಿ ಅಲ್ಲೇ, ಒದ್ದೆ ನೆಲದ ಮೇಲೆ, ಎರಡೂ ಮೊಣಕಾಲೂರಿ ಹಣೆ ನೆಲಕ್ಕೆ ಹಚ್ಚಿದ. ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲೋ ಹೋಯಿತು. "ಮಿನೊವಾ-ಸಾನ್, ಅದು ನಿಮ್ಮ ಸರದಿ. ನಾನು ನಿಮ್ಮ ಸರದಿ ತಿಂದುಬಿಟ್ಟೆ," ಎಂದಷ್ಟೇ ಬಂತು.

ಮಿನೊವಾ ಕೈಯಲ್ಲಿದ್ದುದನ್ನು ಹಗ್ಗಕ್ಕೆ ಸಿಕ್ಕಿಸಿ ನಿಧಾನವಾಗಿ ತಿರುಗಿದ.

"ಇದನ್ನ ಹೇಳೋಕೆ ಐವತ್ನಾಲ್ಕು ವರ್ಷ ಬೇಕಾಯ್ತಾ?"

"ನಿನ್ನೆ ಗೊತ್ತಾಯ್ತು."

"ಏನು?"

"ನಿನ್ನೆ. ಹನಿಯು ಸ್ಕೋರ್ ಪುಸ್ತಕ ಕಳಿಸಿದ. ನಿನ್ನೆ ಬೆಳಿಗ್ಗೆ ನೋಡಿದೆ. ಅದಕ್ಕೆ ಮುಂಚೆ ನನಗೆ ಗೊತ್ತೇ ಇರಲಿಲ್ಲ."

ಮಿನೊವಾ ಹಿಂದಿದ್ದ ಖಾಲಿ ಪೆಟ್ಟಿಗೆಯನ್ನು ಕೈಯಿಂದ ತಡಕಿ ಅದರ ಮೇಲೆ ಕೂತ.

"ಸುಳ್ಳು ಹೇಳ್ಬೇಡ."

"ನನ್ನ ಹೆಂಡತಿ ಮಕ್ಕಳಾಣೆ."

"ನಿನಗೆ ಗೊತ್ತಿತ್ತು," ಎಂದ ಮಿನೊವಾ. "ನನಗೆ ಸ್ವಂತ ಬ್ಯಾಟ್ ಇರಲಿಲ್ಲ. ಯಾರದ್ದಾದ್ರೂ ಸಿಗುತ್ತಾ ಅಂತ ಹುಡುಕ್ತಿದ್ದೆ. ಒಂದು ಸಿಕ್ತು, ಎತ್ಕೊಂಡು ತಿರುಗಿದ್ರೆ ನೀನು ನನ್ನ ಮುಂದೇನೇ ದಾಟಿ ಹೋದೆ. ಇಷ್ಟು ಹತ್ರ. ನಿನ್ನ ತೋಳು ನನ್ನ ಬ್ಯಾಟಿಗೆ ತಾಗಿತು. ಎರಡನೇ ವರ್ಷದ ಹುಡುಗ, ನಾಲ್ಕನೇ ವರ್ಷದವನ ಮುಂದೆ ದಾಟಿ ಹೋದ. ಗೊತ್ತಿಲ್ದೆ ಯಾರು ಹಾಗೆ ಹೋಗ್ತಾರೆ? ಈ ಅಪಶಕುನದ ಕೈಲಿ ಬ್ಯಾಟ್ ಕೊಟ್ರೆ ಸೋಲ್ತೀವಿ, ನಾನೇ ಹೋಗ್ತೀನಿ ಅಂತ ಹೋದೆ ಅಂದ್ಕೊಂಡಿದ್ದೆ. ಆಮೇಲೆ ವರ್ಷವರ್ಷ ಎಲ್ಲರ ಮುಂದೆ ನನ್ನ ಕುಣಿಸಿದಾಗ, ಇದು ನನ್ನ ಬಾಯಿ ಮುಚ್ಚಿಸೋಕೆ ಅಂದ್ಕೊಂಡೆ. ಬಾಯಿ ಬಿಟ್ರೆ ಹೀಗೇ ನಗ್ತಾರೆ ಅಂತ ಹೆದರಿಸ್ತಿದ್ದಾನೆ ಅಂತ."

ಇದನ್ನು ತೊಕುಜಿ ಎಣಿಸಿರಲೇ ಇಲ್ಲ. ತಾನು ನಗಿಸುವವನು, ಎಲ್ಲರಿಗೂ ಬೇಕಾದವನು, ಹುಡುಗರ ಮೆಚ್ಚಿನ ಮೇಷ್ಟ್ರು ಎಂದು ತನ್ನ ಬಗ್ಗೆ ತಾನೇ ಅಂದುಕೊಂಡಿದ್ದ. ಈ ಕಡಲ ದಂಡೆಯಲ್ಲಿ ಒಬ್ಬ ಮನುಷ್ಯ ಅವನನ್ನು ಐವತ್ತನಾಲ್ಕು ವರ್ಷ ಕಳ್ಳ ಎಂದು ತಿಳಿದು ಬದುಕಿದ್ದಾನೆ.

"ನನಗೆ ನೀವು ಕಾಣಲೇ ಇಲ್ಲ ಮಿನೊವಾ-ಸಾನ್," ಎಂದ. "ಓಬಾ ಹೋದ, ಮುಂದಿನವನು ನಾನು ಅಂತ ಎದ್ದು ಹೋದೆ. ಅಷ್ಟೇ. ಕೆಟ್ಟ ಯೋಚನೆ ಏನೂ ಇರಲಿಲ್ಲ."

ಸಮಾಧಾನವಾಗಲಿ ಎಂದು ಹೇಳಿದ ಮಾತು. ಅದು ಎಲ್ಲಿಗೆ ಹೋಗಿ ತಾಗಿತೆಂದು ಹೇಳಿದ ಮೇಲೆ ಅವನಿಗೆ ಗೊತ್ತಾಯಿತು.

"ಕಾಣಲೇ ಇಲ್ಲ," ಎಂದ ಮಿನೊವಾ. ಆ ಎರಡು ಪದವನ್ನು ಮತ್ತೊಮ್ಮೆ ಹೇಳಿದ. ಬೇಲಿಯಾಚೆ ಒಂದು ದೋಣಿಯ ಎಂಜಿನ್ ಕೆಮ್ಮಿ ನಿಂತಿತು. "ನೋಡು ಸೆಗಾವಾ, ನೀನು ಬೇಕಂತಲೇ ಮಾಡಿದ್ದು ಅಂದ್ಕೊಂಡಿದ್ದಾಗ ನನಗೆ ಸಿಟ್ಟು ಇತ್ತು. ಸಿಟ್ಟು ಪರವಾಗಿಲ್ಲ, ಅದರ ಜೊತೆ ಬದುಕಬಹುದು. ನನ್ನ ನೋಡಿ, ತೂಕ ಹಾಕಿ, ಇವನಿಂದ ಆಗಲ್ಲ ಅಂತ ತಳ್ಳಿ ಹೋದ ಅಂತಾದ್ರೂ ಇತ್ತು. ಈಗ ಏನಂತೀಯ? ಅಲ್ಲಿ ನಾನು ಇರಲೇ ಇಲ್ಲ ಅಂತೀಯ."

ತೊಕುಜಿ ಹಣೆಯನ್ನು ಮತ್ತೆ ನೆಲಕ್ಕೆ ಹಚ್ಚಿದ. ಎತ್ತುವ ಮುಖ ಅವನಿಗಿರಲಿಲ್ಲ.

"ಒಬ್ಬರು ಮಾತ್ರ ಎಣಿಸಿದ್ರು," ಎಂದ ಮಿನೊವಾ. "ನಮ್ಮಪ್ಪ. ನನ್ನ ಕೊನೇ ಪಂದ್ಯ ಅಂತ ಆ ದಿನ ದೋಣಿ ಬಿಟ್ಟು ಬಂದಿದ್ರು. ಬೇಸ್‌ಬಾಲ್ ಒಂದಕ್ಷರ ಬರಲ್ಲ ಅವರಿಗೆ. ಪಕ್ಕದವರನ್ನ ಕೇಳಿ ಕೇಳಿ, ಯಾರ ನಂತರ ಯಾರು ಅಂತ ಬೆರಳು ಮಡಿಸಿ ಎಣಿಸ್ಕೊಂಡು ನಿಂತಿದ್ರಂತೆ, ಬಲೆ ಬೇಲಿ ಹಿಂದೆ. ಮನೆಗೆ ಬಂದ ಮೇಲೆ ಕೇಳಿದ್ರು, ಕಾನ್‌ಜಿ, ಏಳನೆಯವನು ನೀನಲ್ವಾ, ನೀನ್ಯಾಕೆ ಹೋಗಲಿಲ್ಲ ಅಂತ. ನಾನು, ಅಪ್ಪ ನಿಮಗೆ ಆಟ ಗೊತ್ತಾಗಲ್ಲ, ಸುಮ್ನಿರಿ ಅಂದೆ. ಹೌದೇನೋಪ್ಪ ಅಂದ್ರು. ಸಾಯೋವರೆಗೂ ತಾನು ತಪ್ಪು ಎಣಿಸಿದೆ ಅಂತಲೇ ಅಂದ್ಕೊಂಡಿದ್ರು."

ತೊಕುಜಿಗೆ ಅಳು ಬಂತು. ಎಪ್ಪತ್ತನಾಲ್ಕರ ಮೇಷ್ಟ್ರು ಮೀನಿನ ವಾಸನೆಯ ನೆಲದ ಮೇಲೆ ಕೂತು ಮೂಗು ಸೋರಿಸಿಕೊಂಡು ಅತ್ತ. ಮಿನೊವಾ ಸಮಾಧಾನ ಮಾಡಲಿಲ್ಲ. ಒಳಗೆ ಹೋಗಿ ಬಾರ್ಲಿ ಚಹಾದ ಎರಡು ಲೋಟ ತಂದು ಒಂದನ್ನು ಪೆಟ್ಟಿಗೆಯ ಮೇಲಿಟ್ಟ.

"ಅಲ್ಲ, ಒಂದು ಮಾತು ಕೂಗಿದ್ರೆ ಸಾಕಾಗಿತ್ತಲ್ಲ," ಎಂದ ತೊಕುಜಿ, ಮುಖ ಒರೆಸಿಕೊಳ್ಳುತ್ತ. "ನಾನು ಹೊಡೆಯೋಕೆ ಮುಂಚೆ ಹೇಳಿದ್ರೆ ಯಾವ ದಂಡಾನೂ ಇಲ್ಲ. ನಾನು ಹೊರಗೆ, ನೀವು ಒಳಗೆ. ಅಷ್ಟೇ ಆಗ್ತಿತ್ತು."

"ಬಾಯಿ ತೆರೆದೆ," ಎಂದ ಮಿನೊವಾ. "ಎರಡು ಹೆಜ್ಜೆ ಮುಂದೂ ಹೋದೆ. ಅಷ್ಟರಲ್ಲಿ ಬೆಂಚಲ್ಲಿದ್ದವರೆಲ್ಲ ಸೆಗಾವಾ, ಸೆಗಾವಾ ಅಂತ ಕೂಗೋಕೆ ಶುರು ಮಾಡಿದ್ರು. ಆ ಕ್ಷಣ ನನಗೆ ಏನನ್ನಿಸ್ತು ಗೊತ್ತಾ? ಅಬ್ಬಾ, ಬಚಾವಾದೆ ಅನ್ನಿಸ್ತು. ಕಾಲು ನಡುಗ್ತಿತ್ತು ಕಣೋ. ನಾಲ್ಕು ವರ್ಷ ಕಾದ ಮನುಷ್ಯ, ಸರದಿ ಬಂದಾಗ ಬೇರೆಯವನು ಎತ್ಕೊಂಡು ಹೋದ ಅಂತ ಖುಷಿಪಟ್ಟೆ. ಹನಿಯು ನನ್ನ ಏನೇನೋ ದೊಡ್ಡ ಮನುಷ್ಯ ಅಂತ ಹೇಳಿರ್ತಾನೆ. ಅವನ್ನ ನಂಬಬೇಡ. ಸಾಲು ಸಾಲು ಅಂತ ಕೂಗಿದ್ದೂ ಒಂದು ಥರ ಅದಕ್ಕೇ. ಯಾರಿಗಾದ್ರೂ ತಿಳಿದ್ರೆ, ನೀನ್ಯಾಕೆ ಹೋಗಲಿಲ್ಲ ಅಂತ ಕೇಳ್ತಾರಲ್ಲ."

ಇಬ್ಬರೂ ಚಹಾ ಕುಡಿದರು. ಗಾಳಿಗೆ ಕಣವೆಗಳು ಹಗ್ಗದ ಮೇಲೆ ತಿರುಗುತ್ತಿದ್ದವು. ತೊಕುಜಿ ಚೀಲದಿಂದ ಅಚ್ಚಿನ ಪುಟಗಳನ್ನು ತೆಗೆದ. ಮಿನೊವಾನ ಹೆಸರಿನ ಸಾಲನ್ನು ಅವನಿಗೇ ತೋರಿಸಿದ; ಬಚ್ಚಿಡುವ ಧೈರ್ಯ ಉಳಿದಿರಲಿಲ್ಲ. ಮಿನೊವಾ ಓದಿ, "ಚೆನ್ನಾಗಿ ಬರೆದಿದೀಯ," ಎಂದ. ಅದು ಬೈಗುಳಕ್ಕಿಂತ ಜೋರಾಗಿ ತಗುಲಿತು. ತೊಕುಜಿ ಕೆಂಪು ಪೆನ್ನಿನಿಂದ ಆ ಸಾಲನ್ನು ಹೊಡೆದು ಹಾಕಿದ.

"ಅಂಕಿ ಬದಲಾಯಿಸೋಕೆ ಬರಲ್ಲ," ಎಂದ. "ತಾತೆಓಕಾದವರು ಆಗ ಎತ್ತಿ ಹೇಳಲಿಲ್ಲವಾದ್ರಿಂದ ಹೊಡೆತ ನನ್ನ ಹೆಸರಲ್ಲೇ ಇರುತ್ತೆ. ನಿಮ್ಮದು ಸೊನ್ನೆ ಸೊನ್ನೆಯಾಗೇ ಇರುತ್ತೆ. ನಿಯಮ ಹಾಗಿದೆ. ಅದಕ್ಕೆ ನಡೆದಿದ್ದನ್ನ ನಡೆದ ಹಾಗೆ ಬರೀತೀನಿ. ನೀವು ಬೇಡ ಅಂದ್ರೆ ಬರೆಯಲ್ಲ."

"ಬರೆದ್ರೆ ನಿನ್ನ ಗತಿ? ಮುಂದಿನ ವರ್ಷ ಹುಡುಗರ ಮುಂದೆ ಏನು ಹೇಳ್ತೀಯ?"

"ಗೊತ್ತಿಲ್ಲ."

ಮಿನೊವಾ ಯೋಚಿಸಿದ. ಯೋಚಿಸಿ, ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡ. "ಬರಿ. ನಾನು ಹೆದರಿದ್ದೆ ಅಂತ್ಲೂ ಬರಿ. ಅಪ್ಪ ಸರಿಯಾಗಿ ಎಣಿಸಿದ್ರು ಅಂತ ಬರಿ, ಅದನ್ನ ಮರೀಬೇಡ. ಅವರ ಹೆಸರು ಮಿನೊವಾ ಯೋಹೇ."

ತೊಕುಜಿ ಮೊಣಕಾಲ ಮೇಲೆ ಹಾಳೆಯಿಟ್ಟುಕೊಂಡು ಬರೆಯತೊಡಗಿದ. ಓಬಾನ ಕಾಲು, ಖಾಲಿ ಚೌಕ, ಯಾರದೋ ಬ್ಯಾಟು ಹಿಡಿದು ನಿಂತ ಮನುಷ್ಯ, ಬೇಲಿಯ ಹಿಂದೆ ಬೆರಳು ಮಡಿಸುತ್ತಿದ್ದ ಮೀನುಗಾರ. ಬರೆದಂತೆಲ್ಲ ಮಿನೊವಾ ಬಗ್ಗಿ ಓದುತ್ತಿದ್ದ, ಅಲ್ಲಲ್ಲಿ ತಿದ್ದಿಸುತ್ತಿದ್ದ. ಹೊಡೆತದ ಹತ್ತಿರ ಬಂದಾಗ ಪೆನ್ನು ನಿಂತಿತು.

"ಯಾಕೆ ನಿಲ್ಲಿಸ್ದೆ?" ಎಂದ ಮಿನೊವಾ. "ನನಗೂ ಅದೊಂದು ಕೇಳಬೇಕು ಅಂತ ಬಹಳ ಇತ್ತು. ಆ ಚೆಂಡು ಹೇಗಿತ್ತು? ನನಗೆ ಬರಬೇಕಾಗಿದ್ದ ಚೆಂಡು."

ಆ ಚೆಂಡನ್ನು ತೊಕುಜಿ ವರ್ಷಕ್ಕೊಂದು ಸಲ ಬಣ್ಣಿಸಿದ್ದಾನೆ. ಹೊರಗಿನಿಂದ ಒಳಕ್ಕೆ ಬಾಗಿ, ಮೊಣಕಾಲೆತ್ತರದಲ್ಲಿ, ಕೆಂಪು ಹೊಲಿಗೆ ಒಂದೊಂದೂ ಕಾಣುವ ಹಾಗೆ ಬಂದ ಚೆಂಡು. ಬಣ್ಣಿಸಿ ಬಣ್ಣಿಸಿ ಅವನಿಗೇ ನಿಜವಾಗಿಬಿಟ್ಟಿತ್ತು. ಈಗ ಬಾಯಿ ತೆರೆದರೆ ಅದು ಬರಲಿಲ್ಲ. ಹೆಂಡತಿಗೂ ಹೇಳದ ಮಾತು ಬಂತು.

"ಗೊತ್ತಿಲ್ಲ ಮಿನೊವಾ-ಸಾನ್. ನಾನು ಕಣ್ಣು ಮುಚ್ಕೊಂಡಿದ್ದೆ."

"ಏನಂದೆ?"

"ನನಗೂ ಹೆದರಿಕೆಯಾಗಿತ್ತು. ಕಣ್ಣು ಮುಚ್ಕೊಂಡು ಬೀಸ್ದೆ. ತಗುಲಿತು."

ಮಿನೊವಾ ಅವನ ಮುಖವನ್ನೇ ನೋಡುತ್ತ ಕೂತ. ಬಾಯಿ ಅರ್ಧ ತೆರೆದಿತ್ತು. ನಗುತ್ತಾನೋ ಹೊಡೆಯುತ್ತಾನೋ ತಿಳಿಯಲಿಲ್ಲ. ಆಮೇಲೆ ತನ್ನೆರಡು ಕೈಗಳನ್ನು ನೋಡಿಕೊಂಡ, ಅಂಗೈ ಮೇಲೆ ಮಾಡಿ.

"ಕಣ್ಣು ಮುಚ್ಕೊಂಡು ಹೊಡೆಯೋದಾಗಿದ್ರೆ," ಎಂದ, ದನಿ ಒಡೆದು, "ಅದನ್ನ ನಾನೂ ಹೊಡೀತಿದ್ನಲ್ಲೋ."

"ಹೌದು ಮಿನೊವಾ-ಸಾನ್," ಎಂದ ತೊಕುಜಿ. "ಹೊಡೀತಿದ್ರಿ."